ಇಂಕ್ ಮತ್ತು ಜಲವರ್ಣದಲ್ಲಿ ಸಮುದ್ರ ಬರೆಯುವಾಗ ಇಂಕ್ ಹರಡುತ್ತದೆ, ಅಲೆಗಳು ಕಲ್ಲಿನ ಹಾಗೆ ಗಟ್ಟಿಯಾಗಿ ಕಾಣುತ್ತವೆ. ಏನು ಮಾಡಬೇಕು?

ಇಂಕ್ ಹರಡುವುದಕ್ಕೆ ಪರಿಹಾರ ಸುಲಭ. ಸಾಮಾನ್ಯ ಫೌಂಟನ್ ಪೆನ್ನಿನ ಇಂಕು ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ವಾಟರ್‌ಪ್ರೂಫ್ ಎಂದು ಬರೆದಿರುವ ಪಿಗ್ಮೆಂಟ್ ಇಂಕು (ನೀರಲ್ಲಿ ಕರಗದ ಬಣ್ಣದ ಪುಡಿಯ ಇಂಕು) ಅಥವಾ ಮಸಿಯಿಂದ ಮಾಡಿದ ಕಪ್ಪು ಇಂಡಿಯಾ ಇಂಕು ತಗೊಳ್ಳಿ. ಇಂಡಿಯಾ ಇಂಕನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಬೇಡಿ. ಅನೇಕ ಬಗೆಗಳಲ್ಲಿ ಅರಗು ಇರುತ್ತದೆ, ಒಣಗಿದರೆ ಪೆನ್ನು ಕಟ್ಟಿಕೊಳ್ಳುತ್ತದೆ. ಅದ್ದಿ ಬರೆಯುವ ನಿಬ್ಬೇ ಅದಕ್ಕೆ ಸರಿ. ಗೆರೆ ಪೂರ್ತಿ ಒಣಗಿದ ಮೇಲೆಯೇ ಬಣ್ಣ ಹಚ್ಚಿ.

ಇನ್ನು ಅಲೆಗಳ ವಿಷಯ. ನೀವು ಅಲೆಗೂ ಇಂಕಿನ ಗೆರೆ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಅದನ್ನು ನಿಲ್ಲಿಸಿ. ಇಂಕು ಬಂಡೆಗೆ, ದೋಣಿಗೆ, ಹಗ್ಗಕ್ಕೆ. ನೀರಿಗೆ ನೀರೇ ಸಾಕು.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವನ್ನೇ ತಗೊಳ್ಳೋಣ. ಲಾವಾ ತಣ್ಣಗಾಗಿ ಬಿರಿದು ಆದ ಕಲ್ಲಿನ ಕಂಬಗಳು ಅಲ್ಲಿವೆ, ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು. ಇಂಕಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಕಂಬದ ನೆರಳಿನ ಬದಿಗೆ ಮಾತ್ರ ದಪ್ಪ ಗೆರೆ ಹಾಕಿ. ಬಿಸಿಲಿನ ಬದಿಯಲ್ಲಿ ಗೆರೆ ಅಲ್ಲಲ್ಲಿ ಕಡಿದುಹೋಗಲಿ. ಕಂಬ ನೀರಿಗೆ ಇಳಿಯುವ ಜಾಗದಲ್ಲಿ ಗೆರೆಯನ್ನು ಸುಮ್ನೆ ಬಿಟ್ಟುಬಿಡಿ, ಮುಚ್ಚಬೇಡಿ. ಆ ಖಾಲಿ ಜಾಗವೇ ಆಮೇಲೆ ನೊರೆಯಾಗುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಎಷ್ಟು ಕಡಿಮೆ ಗೆರೆಯಲ್ಲಿ ಎಷ್ಟು ಚಲನೆ ತರಬಹುದು ಅನ್ನೋದು ಅಲ್ಲಿ ಕಾಣುತ್ತದೆ.

ಬಣ್ಣ ಮುಟ್ಟುವ ಮೊದಲೇ ಬಿಳಿ ಎಲ್ಲಿ ಉಳಿಯಬೇಕು ಅಂತ ತೀರ್ಮಾನ ಮಾಡಿ. ಜಲವರ್ಣದಲ್ಲಿ ಕಾಗದವೇ ಬಿಳಿ ಬಣ್ಣ, ಅಲ್ವಾ? ನೊರೆಯ ಜಾಗಕ್ಕೆ ಮೇಣದಬತ್ತಿಯ ತುಂಡನ್ನು ಲಘುವಾಗಿ ಉಜ್ಜಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಅಂಚು ಒರಟಾಗಿ ಚೆನ್ನಾಗಿ ಬರುತ್ತದೆ. ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಉಳಿಸಲು ಹಚ್ಚಿ, ಆಮೇಲೆ ಕಿತ್ತು ತೆಗೆಯುವ ರಬ್ಬರಿನಂಥ ದ್ರವ) ಬಳಸುವುದಾದರೆ ಕಾಗದವನ್ನು ಬಿಸಿಲಿಗೆ ಇಡಬೇಡಿ. ಅದು ಅಂಟಿಕೊಂಡು, ತೆಗೆಯುವಾಗ ಕಾಗದವೂ ಕಿತ್ತು ಬರುತ್ತದೆ.

ಅಲೆಯನ್ನು ದಡದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ. ಏಳುವ ಅಲೆಯ ಬುಡ ಗಾಢ. ಮುರಿಯುವ ಮೊದಲು ಅದರ ತುದಿ ತೆಳ್ಳಗಾಗುತ್ತದೆ. ಬೆಳಕು ಹಿಂದಿನಿಂದ ಬಂದರೆ ಅಲ್ಲೊಂದು ತಿಳಿ ಹಸಿರು ಹೊಳೆಯುತ್ತದೆ. ಒಂದೆರಡು ಕ್ಷಣ ಅಷ್ಟೇ. ನನಗಂತೂ ಇಡೀ ಚಿತ್ರದಲ್ಲಿ ಅತಿ ಇಷ್ಟವಾದ ಜಾಗ ಅದು. ಬುಡಕ್ಕೆ ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಹಚ್ಚಿ, ಅದು ಹಸಿ ಇರುವಾಗಲೇ ಮೇಲಕ್ಕೆ ಎಳೆಯುತ್ತಾ ನೀರು ಜಾಸ್ತಿ ಮಾಡಿ, ತುದಿಯಲ್ಲಿ ಚೂರು ಹಳದಿ ಬೆರೆಸಿದ ಹಸಿರನ್ನು ತಾಗಿಸಿ ಬಿಟ್ಟುಬಿಡಿ. ಮತ್ತೆ ಬ್ರಶ್ ಆಡಿಸಬೇಡಿ. ನೊರೆಗೂ ನೆರಳು ಇರುತ್ತದೆ. ಅದಕ್ಕೆ ಅಲ್ಟ್ರಾಮರೀನ್‌ಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸೇರಿಸಿದ ತೆಳು ಬೂದು ಸಾಕು.

ಸಮುದ್ರವೆಲ್ಲ ನೀಲಿ ಅಂತ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹೊಳೆಗಳು ಮಣ್ಣು ತಂದು ಸುರಿಯುತ್ತವೆ. ದಡದ ಹತ್ತಿರ ನೀರು ಕಂದು, ದೂರ ಹೋದಂತೆ ಬೂದು. ಯೆಲ್ಲೋ ಓಕರ್ (ಮಣ್ಣಿನ ಹಳದಿ) ಇಲ್ಲದೆ ಆ ಸಮುದ್ರ ಬರುವುದಿಲ್ಲ. ಆ ದಿನಗಳಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಕಾಗದ ಬೇಗ ಒಣಗುವುದಿಲ್ಲ. ಮೋಡ ಬರೆಯಲು ಅದು ಅನುಕೂಲ. ಬಂಡೆಯ ಮೇಲೆ ಎರಡನೇ ಪದರ ಹಚ್ಚಬೇಕಾದರೆ ಮಾತ್ರ ತಾಳ್ಮೆಯಿಂದ ಕಾಯಬೇಕು.

ದಿಗಂತಕ್ಕೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ತೆಳು ಗೆರೆ ಹಾಕಿ, ಇಂಕು ಬೇಡ. ಅದು ಚೂರು ಓರೆಯಾದರೂ ಕಣ್ಣಿಗೆ ಬಡಿಯುತ್ತದೆ. ದೂರದ ನೀರಿನ ಮಿನುಗು ಬೇಕಿದ್ದರೆ ಬ್ರಶ್ಶಿನ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ಮಲಗಿಸಿ ಹಿಡಿದು, ಒಣ ಕಾಗದದ ಮೇಲೆ ಬೇಗ ಎಳೆಯಿರಿ. ಕಾಗದದ ತಗ್ಗುಗಳಲ್ಲಿ ಬಿಳಿ ಉಳಿದು ಬಿಸಿಲಿನ ಹಾಗೆ ಹೊಳೆಯುತ್ತದೆ. ಇದಕ್ಕೆ ಒರಟು ಮೈಯ, ದಪ್ಪನೆಯ 300 ಜಿಎಸ್‌ಎಂ ಕಾಗದ ಬೇಕು. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಕಾಗದದಲ್ಲಿ ದುಡ್ಡು ಉಳಿಸಬೇಡಿ.

ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅದರ ಕಲೆಗಳು ಹಿಮದ ಹಾಗೆ ಕಾಣುತ್ತವೆ, ಸಮುದ್ರದ ಹಾಗಲ್ಲ. ಬಂಡೆಗೆ ಬಡಿದು ಹಾರುವ ಹನಿಗಳಿಗೆ, ಎಲ್ಲ ಒಣಗಿದ ಮೇಲೆ, ಹಳೇ ಟೂತ್‌ಬ್ರಶ್ಶಿಗೆ ಬಿಳಿ ಗುವಾಶ್ (ಕೆಳಗಿನದನ್ನು ಮುಚ್ಚುವ ದಟ್ಟ ಜಲವರ್ಣ) ಹಚ್ಚಿ ಬೆರಳಿನಿಂದ ಚಿಮ್ಮಿಸಿ. ಆಗ ಆಕಾಶದ ಮೇಲೊಂದು ಕಾಗದ ಮುಚ್ಚಿಡಿ.