ಎಕನಾಮಿಕ್ಸ್ ಓದಿದವರಿಗೆ ಬ್ಯಾಂಕೊಂದೇ ಗತಿಯೇ?

ಮೂಡಿಗೆರೆ ತಾಲೂಕಿನ ಓದುಗರೊಬ್ಬರ ಪತ್ರ: ‘ಅಂತಿಮ ಬಿ.ಎ., ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ಕನ್ನಡ ಮಾಧ್ಯಮ. ಅಪ್ಪ ಬಿ.ಇಡಿ. ಮಾಡು ಅಂತಾರೆ, ಮಾವ ಬ್ಯಾಂಕ್ ಕೋಚಿಂಗ್ ಸೇರು ಅಂತಾರೆ. ನನಗೆ ಅರ್ಥಶಾಸ್ತ್ರದಲ್ಲೇ ಎಂ.ಎ. ಮಾಡುವಾಸೆ. ಮಾಡಿದರೆ ಕೆಲಸ ಸಿಗುತ್ತದಾ?’

ಸಂಪಾದಕರ ಉತ್ತರ:

ಮಾವನವರ ಮಾತು ತಪ್ಪಲ್ಲ. ಆದರೆ ಬ್ಯಾಂಕ್ ಪಿಒ (ಪ್ರೊಬೇಷನರಿ ಅಧಿಕಾರಿ) ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಮೂರು ವರ್ಷ ನೀವು ಓದಿದ್ದಕ್ಕೆ ಅಲ್ಲಿ ಪ್ರತ್ಯೇಕ ಮರ್ಯಾದೆಯೇನಿಲ್ಲ. ಕೃಷಿ, ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್‌ನ ಗ್ರೇಡ್ ಎ ಅಧಿಕಾರಿ ಪರೀಕ್ಷೆಯಲ್ಲಾದರೆ ಆರ್ಥಿಕತೆ, ಗ್ರಾಮೀಣಾಭಿವೃದ್ಧಿಯ ಪ್ರಶ್ನೆಗಳೂ ಬರುತ್ತವೆ, ಪದವಿ ಸಾಕು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಮಾತ್ರ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕೇ ಬೇಕು. ಅದರ ಉತ್ತರಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಇದು ತಿಳಿದಿರಲಿ.

ಎಂ.ಎ.ಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಿದೆ. ದೂರ ಹೋಗುವ ಧೈರ್ಯವಿದ್ದರೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್. ಪಿಎಚ್‌.ಡಿ.ವರೆಗೂ ಹೋದರೆ ಬೆಂಗಳೂರು ನಾಗರಭಾವಿಯ ಸಂಶೋಧನಾ ಸಂಸ್ಥೆ ಐಸೆಕ್. (ದೆಹಲಿಯದನ್ನು 1949ರಲ್ಲಿ, ನಾಗರಭಾವಿಯದನ್ನು 1972ರಲ್ಲಿ ಕಟ್ಟಿದವರು ಒಬ್ಬರೇ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್‌.ವಿ. ರಾವ್.)

ತೊಡಕಿರುವುದು ಗಣಿತದಲ್ಲಿ. ಎಚ್‌ಇಪಿಯವರು ಹತ್ತನೇ ತರಗತಿಗೇ ಅದಕ್ಕೆ ಕೈಮುಗಿದಿರುತ್ತಾರೆ. ದೊಡ್ಡ ಸಂಸ್ಥೆಗಳ ಎಂ.ಎ.ಯಲ್ಲಿ ಕಲನ (ಕ್ಯಾಲ್ಕ್ಯುಲಸ್), ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿದ್ಯೆ) ಇಲ್ಲದೆ ಒಂದು ಹೆಜ್ಜೆ ಇಡಲಾಗದು. ದ್ವಿತೀಯ ಪಿಯು ಗಣಿತ ಮತ್ತು ಸಂಖ್ಯಾಶಾಸ್ತ್ರದ ಪಠ್ಯ ತಂದು ಈಗಲೇ ಕೂತುಬಿಡಿ. ಕೋಚಿಂಗ್‌ಗೆ ಸುರಿಯುವ ದುಡ್ಡಿಗಿಂತ ಇದು ಮೇಲು.

ನಿಮಗೆ ಈ ವಿಷಯ ನಿಜಕ್ಕೂ ಹಿಡಿಸಿದೆಯೇ ಎಂದು ನೋಡಿಕೊಳ್ಳಲು ಊರಲ್ಲೇ ದಾರಿಯಿದೆ. ನಿಮ್ಮ ಕಡೆ ಬೆಳಗಾದರೆ ಬೆಳೆಗಾರರು ಮೊಬೈಲ್‌ನಲ್ಲಿ ಕಾಫಿ ರೇಟು ನೋಡುತ್ತಾರಲ್ಲ. ರೊಬಸ್ಟಾ ತಳಿಗೆ ಲಂಡನ್ ಮಾರುಕಟ್ಟೆಯ ದರ, ಅರೇಬಿಕಾಕ್ಕೆ ನ್ಯೂಯಾರ್ಕಿನದು. ಒಂದು ವರ್ಷದ್ದು ಒಟ್ಟುಮಾಡಿ: ಅಲ್ಲಿನ ದರ, ಅಂದಿನ ಡಾಲರ್ ಬೆಲೆ, ಮೂಡಿಗೆರೆಯ ವ್ಯಾಪಾರಿ 50 ಕೆಜಿ ಚೀಲಕ್ಕೆ ಕೊಟ್ಟ ರೇಟು. ಎಕ್ಸೆಲ್‌ನಲ್ಲಿ ಗ್ರಾಫ್ ಹಾಕಿ. ಲಂಡನ್ ಏರಿದಾಗ ಇಲ್ಲಿ ಎಷ್ಟು ದಿನಕ್ಕೆ ಏರಿತು, ಇಳಿದಾಗ ಎಷ್ಟು ಬೇಗ ಇಳಿಯಿತು? ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡ ಸುಟ್ಟಾಗ ಇಲ್ಲಿನ ಚೀಲಕ್ಕೇನಾಯಿತು? ಈ ಲೆಕ್ಕ ಹಾಕುತ್ತಾ ಊಟ ಮರೆತರೆ ಎಂ.ಎ.ಗೆ ಹೊರಡಿ. ಬೇಸರ ಬಂದರೆ ಮಾವನವರ ಮಾತು ಕೇಳಿ, ಅದರಲ್ಲೂ ಅವಮಾನವಿಲ್ಲ.

ದೆಹಲಿಯ ಎಂ.ಎ. ಪ್ರವೇಶಕ್ಕೆ ಬರೆಯಬೇಕಾದ ಸಿಯುಇಟಿ ಪಿಜಿ ಪರೀಕ್ಷೆ ನಿಮ್ಮ ಅಂತಿಮ ಬಿ.ಎ. ಫಲಿತಾಂಶಕ್ಕೆ ಮೊದಲೇ ಮುಗಿದಿರುತ್ತದೆ, ಅರ್ಜಿಯ ಮೇಲೆ ಕಣ್ಣಿಡಿ. ಅಪ್ಪನಿಗೂ ಒಂದು ಮಾತು ಹೇಳಿ: ಬಿ.ಇಡಿ.ಯನ್ನು ಎಂ.ಎ. ಆದಮೇಲೂ ಮಾಡಬಹುದು, ಪಿಯು ಉಪನ್ಯಾಸಕ ಹುದ್ದೆಗೆ ಹೇಗೂ ಎರಡನ್ನೂ ಕೇಳುತ್ತಾರೆ.