ಕೂದಲು ಕೀಳುವ ಅಭ್ಯಾಸಕ್ಕೆ ಥೆರಪಿಯಲ್ಲಿ ಏನು ಮಾಡಿಸುತ್ತಾರೆ?

ಥೆರಪಿ ಅಂದರೆ ಸುಮ್ನೆ ಕೂತು ಮಾತಾಡೋದಾ, ಅದರಿಂದ ಕೂದಲು ಕೀಳುವುದು ನಿಲ್ಲುತ್ತದಾ ಅಂತ ಕೇಳಿದ್ದೀರಿ. ನಾನು ಹನ್ನೆರಡನೇ ವಯಸ್ಸಿನಿಂದ ಕೀಳುತ್ತಿದ್ದವಳು. ಅಲ್ಲಿ ಮಾತು ಕಮ್ಮಿ, ಕೈಗೆ ಕೆಲಸ ಜಾಸ್ತಿ.

ಹ್ಯಾಬಿಟ್ ರಿವರ್ಸಲ್ ಅಂತ ಇದರ ಹೆಸರು. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ವಿಧಾನ.

ಮೊದಲ ವಾರ ಥೆರಪಿಸ್ಟ್ 'ನಿಲ್ಲಿಸಿ' ಅನ್ನಲೇ ಇಲ್ಲ. (ಅದಕ್ಕೂ ಮುಂಚೆ ನೋಡಿದ್ದ ಒಬ್ಬರು ಅದೊಂದನ್ನೇ ಹೇಳಿ ಕಳಿಸಿದ್ದರು!) 'ಕೈ ಯಾವ ದಾರಿಯಲ್ಲಿ ಹೋಗುತ್ತೆ, ಬರೆದಿಡಿ' ಅಂದರು, ಅಷ್ಟೇ. ನನಗೆ ಗೊತ್ತೇ ಇರಲಿಲ್ಲ. ಗಮನಿಸಿದರೆ, ಓದುವಾಗ ಎಡ ಮೊಣಕೈ ಮೇಜಿನ ಮೇಲೆ ಊರುತ್ತದೆ. ಅಂಗೈ ಕೆನ್ನೆಗೆ ಬರುತ್ತದೆ. ಅಲ್ಲಿಂದ ಬೆರಳು ಕಿವಿಯ ಮೇಲಕ್ಕೆ ಹತ್ತಿ, ಒರಟಾದ ಒಂದೇ ಒಂದು ಕೂದಲಿಗಾಗಿ ತಡಕಾಡುತ್ತದೆ. ಅದು ಸಿಕ್ಕಿತೋ, ಕಥೆ ಮುಗಿಯಿತು. ಅಂದರೆ ತಡೆಯಬೇಕಾದ್ದು ಕೂದಲ ಹತ್ತಿರ ಅಲ್ಲ, ಮೊಣಕೈ ಹತ್ತಿರ.

ಆಮೇಲೆ ಕೈಗೆ ಬೇರೆ ಕೆಲಸ ಕೊಟ್ಟರು. ಮೊಣಕೈ ಊರಿದ ತಕ್ಷಣ ಕೈ ತೊಡೆಯ ಮೇಲಿಟ್ಟು ಒಂದು ನಿಮಿಷ ಮುಷ್ಟಿ ಬಿಗಿಯುವುದು. ಸೆಳೆತ ಇಳಿಯದಿದ್ದರೆ ಇನ್ನೂ ಸ್ವಲ್ಪ ಹೊತ್ತು. ಕೇಳೋಕೆ ಸುಲಭ, ಅಲ್ವಾ? ಆ ಒಂದು ನಿಮಿಷದಲ್ಲಿ ನೆತ್ತಿಯೆಲ್ಲ ಜುಮುಗುಟ್ಟುತ್ತಿತ್ತು. ಜೊತೆಗೆ ಓದಲು ಕೂರುವಾಗ ತೋರುಬೆರಳು, ಹೆಬ್ಬೆರಳಿಗೆ ಬ್ಯಾಂಡೇಜ್. ಒರಟು ಕೂದಲು ಯಾವುದು ಅಂತ ಬೆರಳಿಗೆ ತಿಳಿಯುವುದೇ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಮುಷ್ಟಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬಂತು.

ನಿಮ್ಮ ತಮ್ಮನ ಕಣ್ಣು ಮಿಟುಕಿಸುವ ಟಿಕ್ಸ್‌ಗೂ (ತಡೆಯಲಾಗದೆ ಮತ್ತೆ ಮತ್ತೆ ಬರುವ ಚಲನೆಗೂ) ಆಗುತ್ತದಾ ಅಂದಿರಿ. ಬುಡ ಇದೇ. ಟಿಕ್ ಬರುವ ಮುಂಚಿನ ಕಿರಿಕಿರಿಯನ್ನು ಗುರುತಿಸಿ, ಬೇಕಂತಲೇ ನಿಧಾನವಾಗಿ, ಮೆತ್ತಗೆ ಕಣ್ಣು ಮಿಟುಕಿಸಲು ಕಲಿಸುತ್ತಾರೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 126 ಮಕ್ಕಳಿದ್ದರು. ಹತ್ತು ವಾರಗಳಲ್ಲಿ ಎಂಟು ಸೆಷನ್. ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಮಕ್ಕಳು ಚೆನ್ನಾಗಿ ಸುಧಾರಿಸಿದರು. ಬರೀ ತಿಳುವಳಿಕೆ, ಬೆಂಬಲ ಸಿಕ್ಕವರಲ್ಲಿ ಐವರಲ್ಲಿ ಒಬ್ಬರೂ ಇಲ್ಲ. ಮಂತ್ರವೇನಲ್ಲ, ಆದರೆ ಸುಳ್ಳೂ ಅಲ್ಲ. ಮನೆಯಲ್ಲಿ ಮಾತ್ರ 'ಮತ್ತೆ ಮಾಡ್ತಿದ್ದೀಯ' ಅಂತ ಎತ್ತಿ ಆಡಬೇಡಿ. ಎಷ್ಟೋ ಸಲ ಅದರಿಂದಲೇ ಜಾಸ್ತಿಯಾಗುತ್ತದೆ.

ಒಂದು ಮಾತು. ಕಿತ್ತ ಕೂದಲು ನುಂಗುವ ಅಭ್ಯಾಸವೂ ಇದ್ದರೆ ಮೊದಲು ಡಾಕ್ಟರಿಗೆ ಹೇಳಿ. ಹೊಟ್ಟೆಯಲ್ಲಿ ಉಂಡೆ ಕಟ್ಟಬಹುದು.

ನನ್ನದು ಪೂರ್ತಿ ನಿಂತಿಲ್ಲ. ನಿದ್ದೆಗೆಟ್ಟ ದಿನಗಳಲ್ಲಿ ಈಗಲೂ ನಾಲ್ಕೈದು ಹೋಗುತ್ತವೆ. ಕಿವಿಯ ಮೇಲಿನ ಬೋಳು ಮಾತ್ರ ತುಂಬಿಕೊಂಡಿದೆ.