ಹತ್ತು ವರ್ಷದ ಸರಾಸರಿ ಎಬ್ಬಿಸುವ ಅಲೆ

ಓದುಗರ ಪತ್ರ: ಉತ್ತರ ಪೆಸಿಫಿಕ್ ಸಾಗರದ ಒಂದು ಭಾಗದ ಮೇಲ್ಮೈ ನೀರಿನ ಉಷ್ಣತೆಯ 120 ವರ್ಷಗಳ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಹಾಕಿದೆ. ವರ್ಷ ವರ್ಷದ ಗೆರೆ ಬರೀ ಗಜಿಬಿಜಿ. ಒಟ್ಟು ಏರಿಕೆಯ ನೇರ ಗೆರೆಯನ್ನು ಕಳೆದು, 10 ವರ್ಷದ ಚಲಿಸುವ ಸರಾಸರಿ ತೆಗೆದ ಮೇಲೆ ಚೆಂದದ ಅಲೆ ಕಂಡಿತು. ಸುಮಾರು 24 ವರ್ಷಕ್ಕೊಂದು ಶಿಖರ. ಇಷ್ಟು ಸ್ಪಷ್ಟವಾಗಿರುವಾಗ ಮುಂದಿನ ಏರಿಳಿತ ಯಾವಾಗ ಅಂತ ವಿಜ್ಞಾನಿಗಳು ಯಾಕೆ ಹೇಳುವುದಿಲ್ಲ? ಇನ್ನೊಂದು ಪ್ರಶ್ನೆ: ನಾನು ಕಳೆದುಹಾಕಿದ ಆ ಏರುಗೆರೆಯೂ ಇನ್ನೂ ದೊಡ್ಡ ಅಲೆಯೊಂದರ ತುಂಡೇ ಆಗಿರಬಾರದೇಕೆ?

ಸಂಪಾದಕರ ಉತ್ತರ:

ಇಂಥ ಪತ್ರ ಬಂದರೆ ಖುಷಿಯಾಗುತ್ತದೆ. ಅಂಕಿಗಳನ್ನು ತಾವೇ ಇಳಿಸಿಕೊಂಡು, ಗ್ರಾಫ್ ಎಳೆದು, ಆಮೇಲೆ ಪ್ರಶ್ನೆ ಕೇಳುವವರು ಕಡಿಮೆ. ಹಾಗಾಗಿ ಉತ್ತರವೂ ಸ್ವಲ್ಪ ಉದ್ದವಾಗಿದೆ. ನಿಮ್ಮ ಗ್ರಾಫಿನಲ್ಲಿ ಅಲೆ ಇರುವುದು ನಿಜ. ಅದು ಸಮುದ್ರದಿಂದ ಬಂತೋ, ನೀವು ಮಾಡಿದ ಲೆಕ್ಕದಿಂದ ಬಂತೋ ಅನ್ನುವುದನ್ನು ಮೊದಲು ನೋಡಬೇಕು. ನನಗೆ ಕಾಣುವ ಮಟ್ಟಿಗೆ, ಬಹುಪಾಲು ಲೆಕ್ಕದಿಂದಲೇ ಬಂದಿದೆ.

ಒಂದು ನಾಣ್ಯವನ್ನು 120 ಸಲ ಚಿಮ್ಮಿ. ಹೆಡ್ ಬಿದ್ದರೆ +1, ಟೇಲ್ ಬಿದ್ದರೆ -1 ಅಂತ ಬರೆದುಕೊಳ್ಳಿ. ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಅಂತ ಗೊತ್ತಿಲ್ಲ. ಆದ್ದರಿಂದ ಈ ಪಟ್ಟಿಯಲ್ಲಿ ಯಾವ ಚಕ್ರವೂ ಇಲ್ಲ. ಈಗ 10ರ ಚಲಿಸುವ ಸರಾಸರಿ ತೆಗೆಯಿರಿ. ಮೊದಲ ಸರಾಸರಿಯಲ್ಲಿ 1ರಿಂದ 10ನೇ ಅಂಕಿಗಳಿವೆ. ಎರಡನೆಯದರಲ್ಲಿ 2ರಿಂದ 11. ಒಂಬತ್ತು ಅಂಕಿಗಳು ಎರಡರಲ್ಲೂ ಅವೇ! ಒಂದು ಹೋಯಿತು, ಒಂದು ಬಂತು, ಅಷ್ಟೆ. ಹಾಗಾಗಿ ಅಕ್ಕಪಕ್ಕದ ಎರಡು ಸರಾಸರಿಗಳ ನಡುವೆ 0.2ಕ್ಕಿಂತ ಜಾಸ್ತಿ ವ್ಯತ್ಯಾಸ ಬರುವ ಹಾಗೇ ಇಲ್ಲ. ಗೆರೆ ನಿಧಾನವಾಗಿ ಹತ್ತಲೇಬೇಕು, ನಿಧಾನವಾಗಿ ಇಳಿಯಲೇಬೇಕು. ಕಣ್ಣಿಗೆ ಅದು ಅಲೆಯಾಗಿಯೇ ಕಾಣುತ್ತದೆ.

1927ರಲ್ಲಿ ಮಾಸ್ಕೋದಲ್ಲಿ ಯೆವ್ಗೆನಿ ಸ್ಲುಟ್ಸ್ಕಿ ಎಂಬ ಸಂಖ್ಯಾಶಾಸ್ತ್ರಜ್ಞ ಇದನ್ನು ತೋರಿಸಿಕೊಟ್ಟರು. ಅವರು ತೆಗೆದುಕೊಂಡದ್ದು ಸರ್ಕಾರಿ ಲಾಟರಿಯಲ್ಲಿ ಬಂದ ಅಂಕಿಗಳನ್ನು. ಅವನ್ನು ಹೀಗೇ ಸೇರಿಸುತ್ತಾ ಹೋದಾಗ ಬಂದ ಗೆರೆ, 19ನೇ ಶತಮಾನದ ಇಂಗ್ಲೆಂಡಿನ ವ್ಯಾಪಾರದ ಏರಿಳಿತದ ಗೆರೆಯನ್ನು ಅಚ್ಚರಿಯಾಗುವಷ್ಟು ಹೋಲುತ್ತಿತ್ತು. ಲಾಟರಿಗೂ ವ್ಯಾಪಾರಕ್ಕೂ ಯಾವ ನಂಟೂ ಇರಲಿಲ್ಲ.

ನೀವು ಇನ್ನೊಂದು ಕೆಲಸವನ್ನೂ ಮಾಡಿದ್ದೀರಿ. ಏರುಗೆರೆಯನ್ನು ಕಳೆದಿರಿ. ಅದರಿಂದ ತುಂಬಾ ಉದ್ದದ ಬದಲಾವಣೆಗಳು ಹೊರಟುಹೋದವು. ಸರಾಸರಿ ತೆಗೆದದ್ದರಿಂದ ಸುಮಾರು 10 ವರ್ಷಕ್ಕಿಂತ ಚಿಕ್ಕ ಏರಿಳಿತಗಳು ಅಳಿಸಿಹೋದವು. ಎರಡೂ ಕಡೆ ಕತ್ತರಿಸಿದ ಮೇಲೆ ಉಳಿಯುವುದು ಏನು? 20, 30, 40 ವರ್ಷದ ಏರಿಳಿತಗಳೇ ತಾನೆ. 120 ವರ್ಷದಲ್ಲಿ ಅಂಥವು ಮೂರರಿಂದ ಆರು ಹಿಡಿಸುತ್ತವೆ. ನಿಮಗೆ ಸಿಕ್ಕ 24 ವರ್ಷದ ಅಂತರ ಆ ಕಿಂಡಿಯ ಒಳಗೇ ಇದೆ.

ಸಮುದ್ರ ನಾಣ್ಯದ ಥರ ಅಲ್ಲವಲ್ಲ, ಅಂತ ನೀವು ಕೇಳಬಹುದು. ಸರಿಯಾದ ಮಾತು. ಸಮುದ್ರಕ್ಕೆ ನೆನಪಿದೆ. ಮೇಲಿನ ಸುಮಾರು 2.5 ಮೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲ ಶಾಖ, ಅದರ ಮೇಲಿರುವ ಇಡೀ ವಾತಾವರಣ ಹಿಡಿಯುವಷ್ಟಿದೆ. ಗಾಳಿ ಕಲಕುವ ಪದರವೋ ಹತ್ತಾರು ಮೀಟರ್ ದಪ್ಪ. ಇವತ್ತು ಬೀಸಿದ ಬಿರುಗಾಳಿ ನಾಳೆ ಹೋಗಿಬಿಡುತ್ತದೆ. ಅದು ನೀರಿಗೆ ಕೊಟ್ಟ ಅಥವಾ ನೀರಿನಿಂದ ಕಸಿದ ಶಾಖದ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. 1976ರಲ್ಲಿ ಹವಾಮಾನ ವಿಜ್ಞಾನಿ ಕ್ಲಾಸ್ ಹಾಸೆಲ್‌ಮನ್ ಹೇಳಿದ್ದು ಇದನ್ನೇ. ಹವಾಮಾನದ ಗೊತ್ತುಗುರಿಯಿಲ್ಲದ ತಳ್ಳಾಟಗಳನ್ನು ಸಮುದ್ರ ಕೂಡಿಹಾಕುತ್ತಾ ಹೋಗುತ್ತದೆ, ಅಷ್ಟರಿಂದಲೇ ನಿಧಾನದ, ದೊಡ್ಡ ಏರಿಳಿತಗಳು ಹುಟ್ಟುತ್ತವೆ. ಅದಕ್ಕೆ ಯಾವ ಚಕ್ರವೂ ಬೇಕಿಲ್ಲ. 2021ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಾಗ ಈ ಕೆಲಸಕ್ಕೂ ಅದರಲ್ಲಿ ಪಾಲಿತ್ತು.

ಈ ನೆನಪನ್ನು ಅಳೆಯುವುದು ಸುಲಭ. ಒಂದು ತಿಂಗಳ ಉಷ್ಣತೆ ವಾಡಿಕೆಗಿಂತ 1 ಡಿಗ್ರಿ ಜಾಸ್ತಿ ಇದೆ ಅಂತಿಟ್ಟುಕೊಳ್ಳಿ. ಮುಂದಿನ ತಿಂಗಳಿಗೆ ಅದರಲ್ಲಿ 0.8 ಪಾಲು ದಾಟಿಕೊಂಡು ಹೋಗುತ್ತದೆ ಅಂದರೆ, ಎರಡನೇ ತಿಂಗಳಿಗೆ 0.64, ಮೂರನೆಯದಕ್ಕೆ 0.51. ಹೊಸ ತಳ್ಳಾಟ ಬರದಿದ್ದರೆ ಮೂರು ತಿಂಗಳಲ್ಲಿ ಅರ್ಧ ಕರಗಿತು. ಆದರೆ ಹೊಸ ತಳ್ಳಾಟ ಬರುತ್ತಲೇ ಇರುತ್ತದೆ. ಇದರ ಪರಿಣಾಮ ಬಹಳ ಜನರ ಗಮನಕ್ಕೆ ಬರುವುದಿಲ್ಲ. 50 ವರ್ಷದ ತಿಂಗಳ ಅಂಕಿಗಳು 600 ಇರುತ್ತವೆ. ಒಂದೊಂದೂ ಹಿಂದಿನದರ ನೆರಳಾಗಿರುವುದರಿಂದ, ಸರಾಸರಿಯನ್ನು ಎಷ್ಟು ನಂಬಬಹುದು ಅಂತ ಲೆಕ್ಕ ಹಾಕುವಾಗ ಅವು 600 ಅಲ್ಲವೇ ಅಲ್ಲ. 600ನ್ನು (1-0.8)ರಿಂದ ಗುಣಿಸಿ (1+0.8)ರಿಂದ ಭಾಗಿಸಿ. ಸುಮಾರು 67 ಬರುತ್ತದೆ. ನಮ್ಮ ಕೈಯಲ್ಲಿರುವ ಸ್ವತಂತ್ರ ಮಾಹಿತಿ ಅಷ್ಟೇ. 600 ಅಂತ ನಂಬಿಕೊಂಡು ಮಾಡಿದ ಪರೀಕ್ಷೆಯಲ್ಲಿ ಎಲ್ಲವೂ ಮಹತ್ವದ್ದಾಗಿಯೇ ಕಾಣುತ್ತದೆ.

ನೆನಪು ಇನ್ನೂ ಉದ್ದವಾಗಿಯೂ ಇರಬಹುದು. ಈಜಿಪ್ಟಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಎಂಜಿನಿಯರ್ ಹೆರಾಲ್ಡ್ ಹರ್ಸ್ಟ್, ನೈಲ್ ನದಿಗೆ ಎಷ್ಟು ದೊಡ್ಡ ಜಲಾಶಯ ಬೇಕು ಅಂತ ಲೆಕ್ಕ ಹಾಕುತ್ತಿದ್ದರು. ಕೈರೋದ ರೋಡಾ ದ್ವೀಪದ ನೀರಿನ ಮಟ್ಟದ ದಾಖಲೆ ಕ್ರಿ.ಶ. 622ರಿಂದ ಶುರುವಾಗುತ್ತದೆ. ವರ್ಷ ವರ್ಷದ ನೀರಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ, ಕಾಲ ನಾಲ್ಕು ಪಟ್ಟಾದಾಗ ಬೇಕಾದ ಸಂಗ್ರಹ ಎರಡು ಪಟ್ಟಾದರೆ ಸಾಕು. ಹರ್ಸ್ಟ್ 1951ರಲ್ಲಿ ಪ್ರಕಟಿಸಿದಂತೆ, ನದಿ, ಕೆರೆ, ಮರದ ಉಂಗುರಗಳಂಥ ದಾಖಲೆಗಳಲ್ಲಿ ಅದು ಸರಾಸರಿ 2.75 ಪಟ್ಟಿನ ಹತ್ತಿರ ಬರುತ್ತದೆ. ಒಳ್ಳೆಯ ವರ್ಷಗಳು ಗುಂಪಾಗಿ ಬರುತ್ತವೆ, ಕೆಟ್ಟವೂ ಗುಂಪಾಗಿಯೇ ಬರುತ್ತವೆ. ಗುಂಪಿನ ಉದ್ದ ಮಾತ್ರ ಒಂದೊಂದು ಸಲ ಒಂದೊಂದು ಥರ.

ಹಾಗಿದ್ದರೂ ನನ್ನ ಅಲೆ ನಾಲ್ಕೈದು ಸಲ ಬಂದಿದೆಯಲ್ಲ ಅನ್ನುತ್ತೀರಾ? ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಕಥೆ ಕೇಳಿ. 1896ರಿಂದ ಅದರ ನೀರಿನ ಮಟ್ಟ ಅಳೆಯುತ್ತಾ ಬಂದಿದ್ದರು. ಸೂರ್ಯನ ಕಲೆಗಳ 11 ವರ್ಷದ ಚಕ್ರದ ಜೊತೆಗೇ ಅದು ಏರಿ ಇಳಿಯುವುದನ್ನು 1923ರಲ್ಲಿ ಹವಾಮಾನ ತಜ್ಞ ಸಿ.ಇ.ಪಿ. ಬ್ರೂಕ್ಸ್ ಗುರುತಿಸಿದರು. ಎರಡು ಗೆರೆಗಳೂ ಎರಡು ಚಕ್ರಗಳ ಉದ್ದಕ್ಕೂ ಜೊತೆಯಾಗಿ ಸಾಗಿದ್ದವು. ಪ್ರಕಟವಾದ ಕೆಲವೇ ವರ್ಷಗಳಲ್ಲಿ ಆ ಜೋಡಿ ಕಳಚಿಕೊಂಡಿತು. 1961ರ ಕೊನೆಯಲ್ಲಿ ಸುರಿದ ಭಾರೀ ಮಳೆಯ ನಂತರ, 1964ರ ಹೊತ್ತಿಗೆ ಸರೋವರ 2 ಮೀಟರಿಗೂ ಜಾಸ್ತಿ ಏರಿತು. ಸೂರ್ಯನ ಕಲೆಗಳೋ ಆಗ ಕಡಿಮೆಯಾಗುತ್ತಿದ್ದವು.

ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಈ ಅಪಾಯವನ್ನು 1914ರಲ್ಲೇ ಬರೆದಿಟ್ಟಿದ್ದರು. ನೂರು ಜೋಡಿಗಳನ್ನು ಹುಡುಕಿ ಅತಿ ಚೆಂದದ ಒಂದನ್ನು ಆರಿಸಿದರೆ, ಅದನ್ನು ಸುಮ್ನೆ ಕೈಗೆ ಸಿಕ್ಕ ಒಂದರಂತೆ ಅಳೆಯಬಾರದು. ಅಳತೆಗೋಲು ಎತ್ತರವಾಗಬೇಕು. ಸಾವಿರಾರು ಸಹಸಂಬಂಧಗಳ (ಎರಡು ಅಂಕಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆಗಳ) ರಾಶಿಯಿಂದ 1920ರ ದಶಕದಲ್ಲಿ ಅವರು ಎತ್ತಿ ತೋರಿಸಿದ ದಕ್ಷಿಣದ ತೂಗಾಟ ಇಂದಿಗೂ ನಿಂತಿದೆ. ಈ ಎಚ್ಚರಕ್ಕಾಗಿಯೇ ನನಗೆ ವಾಕರ್ ಅಂದರೆ ಬಹಳ ಗೌರವ.

ಈ ತೂಗಾಟವೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ. ಪೆಸಿಫಿಕ್‌ನ ಎರಡು ಕಡೆಯ ಗಾಳಿಯ ಒತ್ತಡ ಏರುಪೇರಾಗುವ ಇದರ ಜೊತೆಗೇ ಎಲ್ ನಿನೊ, ಅಂದರೆ ಸಮಭಾಜಕದ ಬಳಿಯ ಪೆಸಿಫಿಕ್ ನೀರು ವಾಡಿಕೆಗಿಂತ ಬಿಸಿಯಾಗುವುದು, ಇದೆ. ಎರಡರ ನಂಟನ್ನು 1969ರಲ್ಲಿ ಹವಾಮಾನ ತಜ್ಞ ಜೇಕಬ್ ಬ್ಯರ್ಕ್‌ನೆಸ್ ವಿವರಿಸಿದರು. ಗಾಳಿ, ನೀರು ಒಂದನ್ನೊಂದು ಹೇಗೆ ತಳ್ಳುತ್ತವೆ ಅಂತ ಈಗ ಗೊತ್ತು. ಆದರೂ ಅದು ಬರುವುದು 2ರಿಂದ 7 ವರ್ಷಕ್ಕೊಮ್ಮೆ, ಲೆಕ್ಕ ತಪ್ಪಿ. ವಿಜ್ಞಾನಿಗಳು ಮುನ್ಸೂಚನೆ ಖಂಡಿತ ಕೊಡುತ್ತಾರೆ. ಈಗ ಸಮುದ್ರದ ಒಳಗೆ ಬಿಸಿನೀರು ಎಲ್ಲಿದೆ, ಗಾಳಿ ಎತ್ತ ಬೀಸುತ್ತಿದೆ ಎಂಬುದನ್ನು ನೋಡಿ, ಕೆಲವು ತಿಂಗಳ ಮುಂಚೆ ಹೇಳುತ್ತಾರೆ. ಹಿಂದಿನ ಶಿಖರದಿಂದ ವರ್ಷ ಎಣಿಸಿ ಹೇಳುವುದಿಲ್ಲ. ಹಾಗೆ ಎಣಿಸಿ ಹೇಳಬಹುದಾದದ್ದು ಗಡಿಯಾರ ಆಕಾಶದಲ್ಲಿರುವಾಗ ಮಾತ್ರ: ಉಬ್ಬರವಿಳಿತ, ಋತುಗಳು, ಚಂದ್ರನ ಕಕ್ಷೆಯಿಂದ ಬರುವ 18.6 ವರ್ಷದ ಚಕ್ರ.

ಅಂಕಿಗಳ ಬಗ್ಗೆಯೂ ಒಂದು ಮಾತು. ನಿಮ್ಮ ಗ್ರಾಫಿನಲ್ಲಿ 1945ರ ಹತ್ತಿರ ಒಂದು ಕುಸಿತ ಕಂಡರೆ ಅದನ್ನು ಅಲೆಯ ಭಾಗ ಅಂತ ಎಣಿಸಬೇಡಿ. ಯುದ್ಧದ ಕಾಲದಲ್ಲಿ ಹೆಚ್ಚಿನ ಅಳತೆಗಳು ಅಮೆರಿಕದ ಹಡಗುಗಳಿಂದ ಬರುತ್ತಿದ್ದವು. ಅವು ಎಂಜಿನ್‌ಗೆ ಒಳಹೋಗುವ ನೀರನ್ನು ಅಳೆಯುತ್ತಿದ್ದವು. ಅದು ಸ್ವಲ್ಪ ಬೆಚ್ಚಗಿರುತ್ತದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಹಡಗುಗಳ ಪಾಲು ಹೆಚ್ಚಿತು. ಅವರು ಬಕೆಟ್ ಇಳಿಸಿ ನೀರೆತ್ತುತ್ತಿದ್ದರು. ಮೇಲೆ ಬರುವಷ್ಟರಲ್ಲಿ ನೀರು ಆರಿ ತಣ್ಣಗಾಗುತ್ತಿತ್ತು. ಇದೊಂದರಿಂದಲೇ ಹಳೆಯ ಜಾಗತಿಕ ದಾಖಲೆಯಲ್ಲಿ ಸುಮಾರು 0.3 ಡಿಗ್ರಿಯ ಕುಸಿತ ಮೂಡಿತ್ತು. ಅದು ಬೆಳಕಿಗೆ ಬಂದದ್ದು 2008ರಲ್ಲಿ. ನೀವು ಇಳಿಸಿಕೊಂಡದ್ದು ತಿದ್ದಿದ ಆವೃತ್ತಿಯೋ ಅಲ್ಲವೋ ನೋಡಿಕೊಳ್ಳಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಏರುಗೆರೆಯೂ ಒಂದು ದೊಡ್ಡ ಅಲೆಯ ತುಂಡಿರಬಹುದಲ್ಲ? ನೀವು ಹೀಗೆ ಕೇಳಿದ್ದು ನ್ಯಾಯವೇ. ಒಂದೇ ಗೆರೆಯ ಗ್ರಾಫನ್ನು ನೋಡುತ್ತಾ ಕುಳಿತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಶಾಖದ ಲೆಕ್ಕ ಹಿಡಿಯಬೇಕು. ಸಾಗರ ತನ್ನೊಳಗಿನ ಶಾಖವನ್ನು ಮೇಲೆ ಬಿಟ್ಟು ಗಾಳಿಯನ್ನು ಬಿಸಿ ಮಾಡುತ್ತಿದ್ದರೆ, ಸಾಗರದ ಒಳಗೆ ಶಾಖ ಕಡಿಮೆಯಾಗುತ್ತಿರಬೇಕು, ಅಲ್ವಾ? ಈ ಶತಮಾನದ ಆರಂಭದಿಂದ ಆರ್ಗೋ ತೇಲುಯಂತ್ರಗಳು 2,000 ಮೀಟರ್ ಆಳದವರೆಗೆ ಇಳಿದು ಅಳೆಯುತ್ತಿವೆ. ಈಗ ಅಂಥವು ಸುಮಾರು 4,000 ಇವೆ. ಅವು ತೋರಿಸುತ್ತಿರುವುದು ಆಳದಲ್ಲೂ ಶಾಖ ಹೆಚ್ಚುತ್ತಿರುವುದನ್ನು. ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿಯುತ್ತಿರುವ ಶಾಖದಲ್ಲಿ ಶೇಕಡ 90ರಷ್ಟು ಸಮುದ್ರಕ್ಕೇ ಹೋಗುತ್ತಿದೆ. 1850-1900ಕ್ಕೆ ಹೋಲಿಸಿದರೆ 2011-2020ರಲ್ಲಿ ಸಮುದ್ರದ ಮೇಲ್ಮೈ ಸರಾಸರಿ 0.88 ಡಿಗ್ರಿ, ನೆಲ 1.59 ಡಿಗ್ರಿ ಬಿಸಿಯಾಗಿತ್ತು. ಗಾಳಿ, ಮೇಲ್ಮೈ, ಆಳ ಮೂರೂ ಒಟ್ಟಿಗೆ ಬಿಸಿಯಾಗಬೇಕಾದರೆ ಶಾಖ ಹೊರಗಿನಿಂದ ಸೇರುತ್ತಿರಬೇಕು. ಒಳಗೊಳಗೇ ತೂಗಾಡುವ ಅಲೆಯಿಂದ ಅದು ಸಾಧ್ಯವಿಲ್ಲ.

ನಿಮ್ಮ 24 ವರ್ಷದ ಅಲೆಯನ್ನು ನೀವೇ ಪರೀಕ್ಷಿಸಿ ಅಂತ ನನ್ನ ಕೋರಿಕೆ. ಸರಾಸರಿ ತೆಗೆಯುವ ಮೊದಲಿನ, ಏರುಗೆರೆ ಕಳೆದ ಅಂಕಿಗಳನ್ನು ತೆಗೆದುಕೊಳ್ಳಿ. ಒಂದು ವರ್ಷದ ಅಂಕಿಗೂ ಮರುವರ್ಷದ್ದಕ್ಕೂ ಎಷ್ಟು ಸಹಸಂಬಂಧ ಇದೆ ನೋಡಿ. ಕಂಪ್ಯೂಟರಿನಲ್ಲಿ ಅಷ್ಟೇ ನೆನಪಿರುವ 1,000 ಸುಳ್ಳು ದಾಖಲೆಗಳನ್ನು ಹುಟ್ಟಿಸಿ. ಒಂದೊಂದೂ 120 ವರ್ಷದ್ದು, ಹಿಂದಿನ ವರ್ಷದ ಒಂದು ಪಾಲು, ಜೊತೆಗೆ ಗೊತ್ತುಗುರಿಯಿಲ್ಲದ ಒಂದು ತಳ್ಳಾಟ. ನಿಮ್ಮ ಅಂಕಿಗೆ ಮಾಡಿದ ಎರಡೂ ಕೆಲಸಗಳನ್ನು ಅವಕ್ಕೂ ಮಾಡಿ. ನಿಮ್ಮದರಷ್ಟೇ ಬಲವಾದ, ಅಷ್ಟೇ ಕ್ರಮವಾದ ಅಲೆ ಎಷ್ಟರಲ್ಲಿ ಕಂಡಿತು ಅಂತ ಎಣಿಸಿ. 24 ವರ್ಷದ್ದೇ ಆಗಬೇಕೆಂದಿಲ್ಲ, 19 ಇರಲಿ, 33 ಇರಲಿ, ಲೆಕ್ಕಕ್ಕೆ ಸೇರಿಸಿಕೊಳ್ಳಿ. ಯಾಕೆಂದರೆ ನೀವು ಹುಡುಕಲು ಹೊರಟಾಗ 24 ಅಂತ ಮೊದಲೇ ಗೊತ್ತು ಮಾಡಿರಲಿಲ್ಲ. ಬಂದ ಸಂಖ್ಯೆಯನ್ನು ನಮಗೆ ಬರೆದು ಕಳಿಸಿ. ಅದು 50ಕ್ಕಿಂತ ಕಡಿಮೆ ಇದ್ದರೆ ಗ್ರಾಫ್ ಸಮೇತ ಪ್ರಕಟಿಸುತ್ತೇವೆ, ಅದರ ಹಿಂದೆ ಏನಿರಬಹುದು ಅಂತ ಒಟ್ಟಿಗೇ ಹುಡುಕೋಣ. 500 ಬಂದರೂ ಪ್ರಕಟಿಸುತ್ತೇವೆ.